ಕೈಪಂಪಿನ ತಲೆಯೊಳಗೆ ಒಂದು ಚೈನು

ಇದು ಊರೂರಲ್ಲೂ ಇರುವ ಬೋರ್‌ವೆಲ್ ಕೈಪಂಪು. ಹೆಸರು ಇಂಡಿಯಾ ಮಾರ್ಕ್ 2. ಇದರ ನೀರು ಕುಡಿದವರು ಬೇಕಾದಷ್ಟು ಜನ, ಮುಚ್ಚಳ ತೆಗೆದು ಒಳಗೆ ಇಣುಕಿದವರು ಕಡಿಮೆ. ಇವತ್ತು ತೆಗೆಯೋಣ. ಒಂದೇ ಬೋಲ್ಟು.

ಒಳಗೆ ಏನಿದೆ? ಒಂದು ಚೈನು, ಒಂದು ಅಚ್ಚು, ಎರಡು ಬೇರಿಂಗು. ಇಷ್ಟೇ!

ಇದಕ್ಕೂ ಮುಂಚೆ ಹಳ್ಳಿಗಳಿಗೆ ಬಂದಿದ್ದು ಬೀಡುಕಬ್ಬಿಣದ ಪಂಪುಗಳು. ವಿದೇಶದಲ್ಲಿ ಒಂದು ಮನೆಯವರು ಬಳಸುತ್ತಿದ್ದ ಪಂಪಿನ ನಕಲು. ನಮ್ಮಲ್ಲಿ ಬೆಳಗಿನಿಂದ ಸಂಜೆವರೆಗೆ ಕೊಡಗಳ ಸಾಲು. ತಡೆಯುತ್ತಾ ಅದು? ಹಿಡಿಗೂ ಬೋರಿನೊಳಗೆ ಇಳಿಯುವ ರಾಡಿಗೂ ಪಿನ್ನು ಹಾಕಿ ಜೋಡಿಸಿರುತ್ತಿದ್ದರು. ಹಿಡಿ ಸುತ್ತುವುದು ಕಮಾನಿನ ಹಾಗೆ, ರಾಡು ಹೋಗಬೇಕಾದ್ದು ನೆಟ್ಟಗೆ. ಒತ್ತಿದಾಗಲೆಲ್ಲ ರಾಡು ಪಕ್ಕಕ್ಕೆ ವಾಲಿ, ಪಿನ್ನಿನ ತೂತು ಸವೆದು ಅಗಲವಾಗುತ್ತಿತ್ತು.

ಸೊಲ್ಲಾಪುರದಲ್ಲಿ ಇದಕ್ಕೊಂದು ಉಪಾಯ ಹುಟ್ಟಿತು. ಹಿಡಿಯ ತುದಿಗೆ ಚಕ್ರದ ಕಾಲು ಭಾಗದಂಥ ತುಂಡು, ಅದರ ಮೇಲೆ ಚೈನು. ಈಗ ಹಿಡಿ ಹೇಗೇ ಸುತ್ತಲಿ, ರಾಡು ನೆಟ್ಟಗೇ ಮೇಲೆ ಬರುತ್ತದೆ. ಅದನ್ನೇ ಯುನಿಸೆಫ್ ನೆರವಿನಿಂದ ತಿದ್ದಿ, 1970ರ ದಶಕದ ಕೊನೆಗೆ ಮಾರ್ಕ್ 2 ಅಂತ ಕಾರ್ಖಾನೆಯಲ್ಲಿ ಮಾಡತೊಡಗಿದರು.

ಚೈನು ಎಳೆಯುತ್ತದೆ ಸರಿ, ತಳ್ಳುವುದಿಲ್ಲವಲ್ಲ? ತಳ್ಳುವುದೇ ಬೇಡ. ರಾಡುಗಳು ತಮ್ಮ ಭಾರಕ್ಕೇ ಇಳಿಯುತ್ತವೆ. ಹಾಗಾಗಿ ಆಳದ ಬೋರಿಗೆ ಇದು ಹೇಳಿ ಮಾಡಿಸಿದಂತಿದೆ. ಆಳ ತೀರಾ ಕಡಿಮೆಯಿದ್ದರೆ ಭಾರ ಸಾಲದೆ ಚೈನು ಸಡಿಲ ಬೀಳುತ್ತದೆ.

ಸರಳ ಅಂದ್ರೆ ಸಾಮಾನು ಕಡಿಮೆ ಇರುವುದು ಅಂತ ಸುಮ್ನೆ ಹೇಳಿಬಿಡುತ್ತೇವೆ ಅಲ್ವಾ? ನನಗೆ ಅದು ಅರ್ಧ ಮಾತು ಅನಿಸುತ್ತದೆ. ಇಲ್ಲಿ ಮೇಲ್ಗಡೆ ಎಲ್ಲ ಸರಳ, ಆದರೆ ಬೇಗ ಸವೆಯುವ ವಾಷರು ಇರುವುದು ನೆಲದಡಿ, ಪೈಪಿನ ತುದಿಯ ಸಿಲಿಂಡರಿನಲ್ಲಿ. ಒಂದು ವಾಷರಿಗಾಗಿ ಅಷ್ಟೂ ಪೈಪು ಮೇಲೆತ್ತಬೇಕು. ಅದಕ್ಕೆ ಸಲಕರಣೆ ಬೇಕು, ಆಳುಗಳು ಬೇಕು. ಅಲ್ಲಿವರೆಗೆ ಊರಿನವರು ಕಾಯುತ್ತಾ ಕೂರಬೇಕು.

ಆಮೇಲೆ ಮಾರ್ಕ್ 3 ಬಂತು. ಅದರ ಪೈಪು ಅಗಲ. ರಾಡಿನ ತುದಿಯಲ್ಲಿ ವಾಷರಿರುವ ಪಿಸ್ಟನ್ನು, ರಾಡು ಎಳೆದರೆ ಪೈಪಿನ ಒಳಗಿಂದಲೇ ಮೇಲೆ ಬರುತ್ತದೆ. ಖರ್ಚು ಜಾಸ್ತಿ, ಆದರೆ ಊರಿನವರೇ ರಿಪೇರಿ ಮಾಡಿಕೊಳ್ಳಬಹುದು. ನನ್ನ ಲೆಕ್ಕದಲ್ಲಿ ಎರಡರಲ್ಲಿ ಸರಳವಾದದ್ದು ಇದೇ.

ನಿಮ್ಮೂರಿನದು ಯಾವುದು ಅಂತ ತಿಳಿಯಬೇಕಾ? ರಿಪೇರಿ ದಿನ ಹೋಗಿ ನಿಂತುಕೊಳ್ಳಿ. ವಾಷರು ಬದಲಿಸಲು ಪೈಪೆಲ್ಲ ಹೊರಗೆ ತೆಗೆದರೆ ಮಾರ್ಕ್ 2, ಬರೀ ರಾಡು ಎಳೆದರೆ ಮಾರ್ಕ್ 3.