ಥರ್ಮಲ್ ದಪ್ಪಗಿದ್ದಷ್ಟೂ ಚಳಿ ಜಾಸ್ತಿ

ಒಂದು ಸಲ ಹಿಮದ ಇಳಿಜಾರು ಹತ್ತೋಕೆ ಹೊರಟಿದ್ದೆ. ಒಳಗೊಂದು ಹತ್ತಿ ಬನಿಯನ್, ಅದರ ಮೇಲೆ ನನ್ನ ಹತ್ತಿರ ಇದ್ದಿದ್ದರಲ್ಲೇ ದಪ್ಪನೆಯ ಥರ್ಮಲ್, ಅಂದರೆ ಚಳಿಗೆ ಅಂತ ಒಳಗೆ ಹಾಕುವ ಬಟ್ಟೆ, ಅದರ ಮೇಲೆ ಜಾಕೆಟ್. ಹೊರಡುವಾಗ ಹಾಯಾಗಿತ್ತು. ಅರ್ಧ ಗಂಟೆಯಲ್ಲಿ ಬೆವರು ಬೆನ್ನಿನಿಂದ ಸೊಂಟಕ್ಕೆ ಇಳಿಯಿತು. ಮೇಲೆ ಹೋಗಿ ಬ್ಯಾಗ್ ಕೆಳಗಿಟ್ಟೆ ನೋಡಿ, ಗಾಳಿ ಬೀಸಿತು. ಬೆನ್ನಿಗೆ ಯಾರೋ ಒದ್ದೆ ಟವೆಲ್ ಹೊದಿಸಿದ ಹಾಗಾಯಿತು. ಐದೇ ನಿಮಿಷಕ್ಕೆ ಹಲ್ಲು ಕಟಕಟ. ಜಿಪ್ ಎಳೆಯೋಣ ಅಂದರೆ ಬೆರಳೇ ಬಗ್ಗುತ್ತಿಲ್ಲ.

ಅವತ್ತು ನನ್ನನ್ನು ನಡುಗಿಸಿದ್ದು ನನ್ನದೇ ಬೆವರು.

ಥರ್ಮಲ್ ಅನ್ನೋ ಹೆಸರೇ ನಮ್ಮ ದಾರಿ ತಪ್ಪಿಸುತ್ತದೆ. ಕೇಳಿದ ಕೂಡಲೇ ಬಿಸಿ ಬಿಸಿ ಅನಿಸುತ್ತೆ, ಅಲ್ವಾ? ಆದರೆ ಬೆಚ್ಚಗಿಡೋಕೆ ಮೇಲೆ ತುಪ್ಪಳದಂಥ ಫ್ಲೀಸ್ ಇದೆ, ಹಕ್ಕಿಯ ಮೆತ್ತನೆ ಪುಕ್ಕ ತುಂಬಿದ ಡೌನ್ ಜಾಕೆಟ್ ಇದೆ. ಮೈಗೆ ತಾಗಿದ ಬಟ್ಟೆ ಮೊದಲು ಮಾಡಬೇಕಾದ ಕೆಲಸ ಚರ್ಮದಿಂದ ಬೆವರನ್ನು ಎಳೆದು ಹೊರಗೆ ದಾಟಿಸುವುದು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುತ್ತದೆ. ಎಳೆಗಳ ನಡುವೆ ಗಾಳಿ ಇರಬೇಕಾದ ಜಾಗದಲ್ಲಿ ಬೆವರು ಕೂತರೆ, ಬಟ್ಟೆ ಎಷ್ಟು ದಪ್ಪ ಇದ್ದರೇನು? ದಪ್ಪಗಿದ್ದಷ್ಟೂ ಜಾಸ್ತಿ ನೀರು ಹಿಡಿಯುತ್ತದೆ, ಒಣಗೋಕೆ ಜಾಸ್ತಿ ಹೊತ್ತು ಬೇಕು.

ಹಾಗಾಗಿ ನಾನು ಈಗ ಥರ್ಮಾಮೀಟರ್ ನೋಡಿ ಬಟ್ಟೆ ಆರಿಸುವುದಿಲ್ಲ. ಎಷ್ಟು ಬೆವರುತ್ತೇನೆ ಅಂತ ಯೋಚಿಸಿ ಆರಿಸುತ್ತೇನೆ.

ಹತ್ತಿ ಬೇಡ. ಅದರ ಬಗ್ಗೆ ಇಷ್ಟೇ.

ಉಳಿದದ್ದು ಮೆರಿನೊ ತಳಿಯ ಕುರಿಯ ನಯವಾದ ಉಣ್ಣೆ ಮತ್ತು ಪಾಲಿಯೆಸ್ಟರ್. ಈ ಎರಡರ ಜಗಳ ಮುಗಿಯುವಂಥದ್ದಲ್ಲ. ಉಣ್ಣೆ ಅಂದರೆ ಚುಚ್ಚುತ್ತದೆ ಅನ್ನುವವರು ಮೆರಿನೊ ಮುಟ್ಟಿ ನೋಡಿಲ್ಲ. ಒಳ್ಳೆಯ ಮೆರಿನೊ ಎಳೆ ಸುಮಾರು 17ರಿಂದ 19 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಅಂದರೆ ಒಂದು ಮೈಕ್ರಾನ್) ದಪ್ಪ ಇರುತ್ತದೆ, ನಮ್ಮ ತಲೆಗೂದಲಿಗಿಂತ ತುಂಬಾ ತೆಳು. ಚರ್ಮಕ್ಕೆ ತಾಗಿದರೆ ಬಾಗುತ್ತದೆ, ಚುಚ್ಚುವುದಿಲ್ಲ. ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೇ ಹೀರಿಕೊಂಡರೂ ಕೈಗೆ ಒದ್ದೆ ಅನಿಸುವುದಿಲ್ಲ. ವಾಸನೆಯೂ ಬೇಗ ಹಿಡಿಯದು. ಆದರೆ ಒಮ್ಮೆ ಪೂರ್ತಿ ನೆನೆದರೆ ಒಣಗೋಕೆ ಸತಾಯಿಸುತ್ತದೆ. ಬ್ಯಾಗಿನ ಪಟ್ಟಿ ಉಜ್ಜಿ ಉಜ್ಜಿ ನನ್ನ ಒಂದು ಶರ್ಟಿನ ಭುಜದಲ್ಲಿ ಜರಡಿಯ ಹಾಗೆ ತೂತು ಬಿದ್ದಿದೆ.

ಪಾಲಿಯೆಸ್ಟರ್ ಎಳೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದು ನೂರಕ್ಕೆ ಒಂದರಷ್ಟೂ ಇಲ್ಲ. ಬೆವರು ಎಳೆಗಳ ಮೇಲೇ ಹರಡಿ ಹಾರಿಹೋಗುತ್ತದೆ, ಬೇಗ ಒಣಗುತ್ತದೆ. ವಾಸನೆ ಮಾತ್ರ ಕೇಳಬೇಡಿ. ಎರಡನೇ ರಾತ್ರಿ ಟೆಂಟಿನಲ್ಲಿ ಜೊತೆಗಾರರು ಆ ಕಡೆ ಮುಖ ಮಾಡಿ ಮಲಗುತ್ತಾರೆ.

ನನ್ನ ಲೆಕ್ಕ ಹೀಗೆ. ಸ್ಕೀ ಹಾಕಿಕೊಂಡು ಇಳಿಜಾರು ಹತ್ತಿ ಅದೇ ದಿನ ಇಳಿಯುವುದಾದರೆ ತೆಳು ಪಾಲಿಯೆಸ್ಟರ್. ನಾಲ್ಕೈದು ದಿನದ ಚಾರಣಕ್ಕೆ ಮೆರಿನೊ, ಅದೂ 150ರದ್ದು. ಲೇಬಲ್ ಮೇಲಿನ 150, 200, 250 ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ. ತಂತಿಯ ಮೇಲೆ ತೂಗುತ್ತಾ ಸಾಗುವ ಸ್ಕೀ ಲಿಫ್ಟಿನಲ್ಲಿ ಕೂತು ಮೇಲೆ ಹೋಗಿ ಬರೀ ಇಳಿಯುವವರು 200 ಹಾಕಿಕೊಳ್ಳಲಿ, ಅವರು ಕೂತಿರುವ ಹೊತ್ತೇ ಜಾಸ್ತಿ.

ಇನ್ನೊಂದು ಇದೆ, ನೋಡಿದರೆ ನಗು ಬರುತ್ತದೆ: ಬಲೆ ಬನಿಯನ್. 1930ರ ದಶಕದಲ್ಲಿ ನಾರ್ವೆಯ ಸೈನ್ಯಾಧಿಕಾರಿ ಹೆನ್ರಿಕ್ ಬ್ರೂನ್ ಹಳೇ ಮೀನಿನ ಬಲೆಯಿಂದ ಇದನ್ನು ಮಾಡಿದರು. 1953ರ ಎವರೆಸ್ಟ್ ತಂಡದ ಬಟ್ಟೆಗಳಲ್ಲೂ ಬಲೆ ಬನಿಯನ್ ಇತ್ತು. ತೂತುಗಳಲ್ಲಿ ಗಾಳಿ ನಿಲ್ಲುತ್ತದೆ, ಒದ್ದೆಯಾದ ಮೇಲಿನ ಬಟ್ಟೆ ಮೈಗೆ ಅಂಟುವುದಿಲ್ಲ. ನಾನೂ ಮೊದಲು ನಕ್ಕವನೇ. ಈಗ ತುಂಬಾ ಬೆವರುವ ದಿನ ಅದೇ ನನ್ನ ಮೊದಲ ಆಯ್ಕೆ.

ಅಳತೆ ಮೈಗೆ ಅಂಟಿದಂತಿರಲಿ. ಸಡಿಲ ಇದ್ದರೆ ಬಟ್ಟೆ ಬೆವರನ್ನು ಮುಟ್ಟುವುದೇ ಇಲ್ಲ, ಇನ್ನು ಎಳೆಯುವುದೆಲ್ಲಿಂದ? ಹಾಕಿಕೊಂಡು ಎರಡೂ ಕೈ ಮೇಲೆತ್ತಿ. ಹೊಟ್ಟೆ ಕಂಡರೆ ಬೇಡ, ಹಾರ್ನೆಸ್ (ಹಗ್ಗ ಕಟ್ಟಿಕೊಳ್ಳೋಕೆ ಸೊಂಟಕ್ಕೆ ಹಾಕುವ ಪಟ್ಟಿ) ಕೆಳಗೆ ನಿಲ್ಲುವುದಿಲ್ಲ. ಕತ್ತಿನ ಹತ್ತಿರ ಜಿಪ್ ಇದ್ದರೆ ಒಳ್ಳೆಯದು, ಹತ್ತುವಾಗ ಕೆಳಗೆಳೆದುಕೊಳ್ಳಬಹುದು. ಒಗೆಯುವಾಗ ಫ್ಯಾಬ್ರಿಕ್ ಸಾಫ್ಟನರ್ ಹಾಕಬೇಡಿ. ಅದು ಎಳೆಗಳ ಮೇಲೆ ಪದರದಂತೆ ಕೂತರೆ ಬಟ್ಟೆ ಬೆವರು ಎಳೆಯುವುದನ್ನೇ ಬಿಟ್ಟುಬಿಡುತ್ತದೆ.

ಆ ದಪ್ಪ ಥರ್ಮಲ್ ಏನಾಯಿತು ಅಂದಿರಾ? ಬ್ಯಾಗಿನ ತಳದಲ್ಲಿ ಒಣ ಕವರಿನೊಳಗೆ ಇರುತ್ತದೆ. ಟೆಂಟಿಗೆ ಬಂದು, ಒದ್ದೆಯದೆಲ್ಲ ಕಳಚಿದ ಮೇಲೆ, ಸ್ಲೀಪಿಂಗ್ ಬ್ಯಾಗಿಗೆ ಇಳಿಯುವಾಗ ಹಾಕಿಕೊಳ್ಳುತ್ತೇನೆ. ಮಲಗಿದಲ್ಲಿ ಬೆವರು ಬರಲ್ಲ ನೋಡಿ.