ಅರ್ಧಕ್ಕೆ ನಿಲ್ಲಿಸಿದ ವಿಡಿಯೊ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಚಿತ್ರದುರ್ಗದ ಪಕ್ಕದ ಹಳ್ಳಿಯೊಂದರಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಶಾಲೆಗೆ ಪ್ರೊಜೆಕ್ಟರ್ ಬಂದ ಹೊಸದರಲ್ಲಿ, ವೃತ್ತಗಳ ಪಾಠಕ್ಕೆ 25 ನಿಮಿಷದ ವಿಡಿಯೊ ಹಾಕಿ ಹಿಂದೆ ಕೈಕಟ್ಟಿ ನಿಂತೆ. ಕ್ಲಾಸು ಎಷ್ಟು ಶಾಂತ ಅಂದ್ರೆ, ನಾನು ಒಳ್ಳೆ ಮೇಷ್ಟ್ರು ಅಂತ ನನಗೇ ಅನ್ನಿಸಿಬಿಟ್ಟಿತು. ಮಾರನೇ ದಿನ ಅದೇ ಪ್ರಮೇಯವನ್ನು ಬೋರ್ಡಿನ ಮೇಲೆ ಬರೆಯಿರಿ ಅಂದೆ. ಒಬ್ಬರೂ ಏಳಲಿಲ್ಲ. "ನೋಡುವಾಗ ಎಲ್ಲ ಗೊತ್ತಾದ ಹಾಗೇ ಇತ್ತು ಸಾರ್" ಅಂದರು.

ಆಮೇಲೆ ನಾನೇ ಒಂದು ವಿಡಿಯೊ ತೆಗೆದೆ. ಊರಿನ ಶುದ್ಧ ನೀರಿನ ಘಟಕಕ್ಕೆ ಹೋಗಿ, ಕಾಯಿನ್ ಹಾಕಿ, 20 ಲೀಟರ್ ಕ್ಯಾನು ತುಂಬುವುದನ್ನು ಮೊಬೈಲಿನಲ್ಲಿ ಹಿಡಿದೆ. ವಿವರಣೆ ಇಲ್ಲ, ಸಂಗೀತ ಇಲ್ಲ. ಹಿಂದೆ ಯಾರೋ ಜಗಳ ಆಡುವುದು ಕೇಳಿಸುತ್ತದೆ, ಇರಲಿ ಬಿಡಿ.

ಕ್ಲಾಸಿನಲ್ಲಿ ಹಾಕಿ, ನೀರು ಕ್ಯಾನಿನ ಅರ್ಧ ಎತ್ತರಕ್ಕೆ ಬಂದಾಗ ನಿಲ್ಲಿಸಿದೆ. ಅಲ್ಲಿಗೆ 50 ಸೆಕೆಂಡು. "ಪೂರ್ತಿ ತುಂಬೋಕೆ ಎಷ್ಟು ಬೇಕು? ಮೊದಲು ಬರೀರಿ, ಆಮೇಲೆ ಬಾಯಿ ಬಿಡಿ." ಬರೆಸಲೇಬೇಕು. ಇಲ್ಲದಿದ್ದರೆ ಮುಂದಿನ ಬೆಂಚಿನವನು ಕೂಗಿದ್ದೇ ಎಲ್ಲರ ಉತ್ತರ. ಮುಕ್ಕಾಲು ಪಾಲು ಮಕ್ಕಳು 100 ಅಂತ ಬರೆದಿದ್ದರು. ವಿಡಿಯೊ ಮುಂದುವರಿಸಿದೆ. 86ಕ್ಕೇ ತುಂಬಿತು. ಗದ್ದಲವೋ ಗದ್ದಲ. "ನಲ್ಲಿ ಜೋರಾಗಿ ಬಿಟ್ಟಿದೀರಿ ಸಾರ್" ಅಂತ ನನ್ನ ಮೇಲೇ ಅನುಮಾನ!

ಮತ್ತೆ ಹಾಕಿದೆವು. ಈ ಸಲ 10 ಸೆಕೆಂಡಿಗೊಮ್ಮೆ ನಿಲ್ಲಿಸಿ, ಗೋಡೆಯ ಮೇಲೇ ಸ್ಕೇಲಿಟ್ಟು ನೀರಿನ ಎತ್ತರ ಅಳೆದು, ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟರು. ಚುಕ್ಕಿಗಳು ಮೊದಲು ನೆಟ್ಟಗೆ ಒಂದೇ ಗೆರೆಯಲ್ಲಿ ಹೋದವು. ಕ್ಯಾನಿನ ಹೆಗಲು ಬಂದ ಕಡೆ ಗೆರೆ ಕಡಿದಾಗಿ ಮೇಲೆದ್ದಿತು. ಕತ್ತು ಸಣ್ಣ, ಅದಕ್ಕೇ ನೀರು ಬೇಗ ಏರುತ್ತದೆ ಅಂತ ಅವರೇ ಹೇಳಿದರು. ನಿಜವಾದ ಕ್ಯಾನು ಎದುರಿಗಿಟ್ಟರೂ ನೀರನ್ನು ಹೀಗೆ ನಡುವೆ ತಡೆದು, ಹಿಂದಕ್ಕೆ ಓಡಿಸಿ ನೋಡಲು ಆಗುತ್ತಾ? ವಿಡಿಯೊ ಬೇಕಾಗುವುದು ಇಂಥ ಕಡೆ. ಸೂತ್ರ ತೋರಿಸಲು ಸೀಮೆಸುಣ್ಣವೇ ಸಾಕು.

ಗಂಟೆ ಹೊಡೆಯುವ ಹೊತ್ತಿಗೆ ಹಿರಿಯೂರು ಕಡೆಯ ಹುಡುಗಿಯೊಬ್ಬಳು ಕೇಳಿದಳು: "ಮಾರಿಕಣಿವೆನೂ ಹೀಗೇ ತುಂಬುತ್ತಾ ಸಾರ್?" ಮಾರಿಕಣಿವೆ ಅಂದ್ರೆ ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರ ಅಣೆಕಟ್ಟು. 1933ರ ನಂತರ 2022ರಲ್ಲಿ ಅದು 130 ಅಡಿ ಮುಟ್ಟಿ ಕೋಡಿ ಬಿತ್ತಲ್ಲ, ಆಗ ಮನೆಮನೆಯಲ್ಲೂ ದಿನಾ ಇವತ್ತು ಎಷ್ಟು ಅಡಿ ಅನ್ನುವುದೇ ಮಾತು. ನಾನು ಸುಮ್ನೆ ನಿಂತೆ.

"ಇಲ್ಲ ಕಣೇ, ಅದು ಮೇಲೆ ಹೋದಂಗೆ ಅಗಲ. ಕೊನೇ ಅಡಿಗೇ ಜಾಸ್ತಿ ನೀರು ಬೇಕು" ಅಂದ, ಹಿಂದಿನ ಬೆಂಚಿನವನೊಬ್ಬ. ಅವನ ಹಾಳೆಯಲ್ಲಿ ಮಾರಿಕಣಿವೆಯ ಗೆರೆ ಕ್ಯಾನಿನ ಗೆರೆಗೆ ಉಲ್ಟಾ ಬಾಗಿತ್ತು.