ರಿಕಿ ಹೆಂಡರ್ಸನ್ ಬೇಸ್ ಕದ್ದ ಬಗೆ

ಕೇಳುಗರಿಗೆ ನಮಸ್ಕಾರ.

ಬೇಸ್‌ಬಾಲಿನಲ್ಲಿ ಕಳ್ಳತನ ತಪ್ಪಲ್ಲ, ಸಿಕ್ಕಿಬಿದ್ದರೆ ಮಾತ್ರ ಔಟ್. ಪಿಚರ್ ಬ್ಯಾಟರ್‌ಗೆ ಚೆಂಡೆಸೆಯಲು ಹೊರಟಾಗ ಒಂದು ಬೇಸಿನಲ್ಲಿ, ಅಂದರೆ ರನ್ ಗಳಿಸಲು ಸುತ್ತಿ ಬರಬೇಕಾದ ನಾಲ್ಕು ನೆಲೆಗಳಲ್ಲೊಂದರಲ್ಲಿ, ನಿಂತ ಓಟಗಾರ ಮುಂದಿನ ಬೇಸಿಗೆ ನುಗ್ಗಿ ತಲುಪಿಬಿಟ್ಟರೆ ಅವನು ಆ ಬೇಸನ್ನು ಕದ್ದ ಹಾಗೆ. ಅಮೆರಿಕದ ಮೇಜರ್ ಲೀಗಿನಲ್ಲಿ ಇದನ್ನು 1406 ಸಲ ಮಾಡಿದವರು ಲೆಫ್ಟ್ ಫೀಲ್ಡರ್, ಅಂದರೆ ಮೈದಾನದ ಎಡ ಹೊರಭಾಗ ಕಾಯುವ ಆಟಗಾರ, ರಿಕಿ ಹೆಂಡರ್ಸನ್. ಪಟ್ಟಿಯಲ್ಲಿ ಅವರ ನಂತರದ ಸ್ಥಾನದ ಲೂ ಬ್ರಾಕ್ ಕದ್ದದ್ದು 938. ಇಬ್ಬರ ನಡುವಿನ ಅಂತರವೇ ಒಬ್ಬ ಒಳ್ಳೆಯ ಓಟಗಾರನ ಇಡೀ ವೃತ್ತಿಜೀವನಕ್ಕೆ ಸಾಕು.

1958ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಹೆಂಡರ್ಸನ್ ಬೆಳೆದದ್ದು ಓಕ್ಲೆಂಡಿನಲ್ಲಿ. 1979ರ ಜೂನ್‌ನಲ್ಲಿ ಅದೇ ಊರಿನ ಅಥ್ಲೆಟಿಕ್ಸ್ ತಂಡದಿಂದ ಆಟ ಆರಂಭಿಸಿ, ಮರುವರ್ಷ 100 ಬೇಸ್ ಕದ್ದರು. 1982ರಲ್ಲಿ 130.

ಈಗ ಗಡಿಯಾರ ನೋಡೋಣ. ಮೊದಲ ಬೇಸಿನಿಂದ ಎರಡನೆಯದಕ್ಕೆ 90 ಅಡಿ. ಪಿಚರ್ ಕದಲಿದ ಮೇಲೆ ಚೆಂಡು ಬ್ಯಾಟರ್ ಹಿಂದೆ ಕೂತ ಕ್ಯಾಚರ್ ಕೈ ಸೇರಲು ಸುಮಾರು 1.3 ಸೆಕೆಂಡು, ಕ್ಯಾಚರ್ ಎದ್ದು ಅದನ್ನು ಎರಡನೆಯ ಬೇಸಿಗೆ ಎಸೆಯಲು ಇನ್ನೆರಡು ಸೆಕೆಂಡು. ಓಟಗಾರ ಹನ್ನೆರಡು ಅಡಿ ಮುಂದೆ ಬಂದು ನಿಂತಿದ್ದರೂ ಉಳಿದ 78 ಅಡಿಯನ್ನು, ಕೊನೆಯ ಜಾರುವಿಕೆಯೂ ಸೇರಿ, 3.3 ಸೆಕೆಂಡಿನಲ್ಲಿ ಮುಗಿಸಬೇಕು. ಕಾಲು ಸೆಕೆಂಡು ತಡವಾಯಿತೆಂದರೆ ಎಂಥ ವೇಗವೂ ಉಳಿಸದು. ಹಾಗಾಗಿ ಕದಿಯುವವನ ಕಣ್ಣು ಪಿಚರ್‌ನ ಕಾಲಿನ ಮೇಲಿರುತ್ತದೆ. ಬಲಗೈ ಪಿಚರ್‌ನ ಬಲ ಹಿಮ್ಮಡಿ ಮೊದಲು ಕದಲಿದರೆ ಚೆಂಡು ಮೊದಲ ಬೇಸಿಗೆ ಬರುತ್ತದೆ, ಹಿಂದಕ್ಕೆ ಹಾರಬೇಕು. ಎಡಗಾಲು ಮೊದಲು ಎದ್ದರೆ ಅವನು ಬ್ಯಾಟರ್‌ಗೇ ಎಸೆಯಬೇಕು, ಓಡಬಹುದು. ಎಡಗೈ ಪಿಚರ್ ಕಷ್ಟ: ಅವನ ಮುಖ ಓಟಗಾರನತ್ತಲೇ ಇರುತ್ತದೆ, ಎತ್ತಿದ ಕಾಲನ್ನು ಎತ್ತಲಾದರೂ ಇಡಬಲ್ಲ.

ನಿಲ್ಲುವಾಗ ಮೊಣಕಾಲು ಬಾಗಿ, ಭಾರ ಎರಡೂ ಪಾದಗಳ ಮುಂಭಾಗದಲ್ಲಿ ಸಮನಾಗಿರಬೇಕು. ಆಸೆಗೆ ಎರಡನೆಯ ಬೇಸಿನತ್ತ ವಾಲಿದವನು ಹಿಂದಿರುಗಲಾರದೆ ಸಿಕ್ಕಿಬೀಳುತ್ತಾನೆ. ಹೊರಡುವಾಗ ಎಡಗಾಲು ಬಲಗಾಲನ್ನು ದಾಟಿ ಮುಂದೆ ಬೀಳಬೇಕು. ಮೊದಲ ಹೆಜ್ಜೆಗೇ ಸೆಟೆದು ನಿಂತರೆ ವೇಗ ಮೇಲಕ್ಕೆ ಹೋಗಿ ವ್ಯರ್ಥ. ಹೆಂಡರ್ಸನ್ ತಲೆ ಮುಂದಾಗಿ, ನೆಲಕ್ಕೆ ತೀರಾ ಹತ್ತಿರದಿಂದ ಜಾರುತ್ತಿದ್ದರು. ವಿಮಾನ ನಯವಾಗಿ ಇಳಿದದ್ದರಿಂದ ಕಲಿತೆ ಎಂದು ಅವರೇ ಹೇಳಿಕೊಂಡಿದ್ದರು. ಎತ್ತರದಿಂದ ಧುಮುಕಿದರೆ ಎದೆಗೆ ಪೆಟ್ಟು, ಓಟಕ್ಕೂ ತಡೆ. ಬೆರಳು ಕೆಳಗಿಟ್ಟರೆ ಬೇಸಿಗೆ ಬಡಿದು ಮುರಿಯುತ್ತದೆ.

ಎಲ್ಲರ ಬಾಯಲ್ಲೂ ಇರುವುದು 1982ರ 130. ಆದರೆ ಆ ವರ್ಷ ಅವರು 42 ಸಲ ಸಿಕ್ಕಿಬಿದ್ದರು, ಅದೂ ದಾಖಲೆಯೇ. ನಾಲ್ಕು ಯತ್ನಗಳಲ್ಲಿ ಮೂರಾದರೂ ಫಲಿಸದಿದ್ದರೆ ತಂಡಕ್ಕೆ ಲಾಭವಿಲ್ಲ ಎನ್ನುವುದು ಈಚಿನ ಲೆಕ್ಕಾಚಾರ. ಆ ಲೆಕ್ಕದಲ್ಲಿ 1982 ಅಂಚಿನಲ್ಲೇ ಪಾರಾದ ವರ್ಷ. ನಿಜವಾಗಿ ಮೆಚ್ಚಬೇಕಾದದ್ದು ನ್ಯೂಯಾರ್ಕ್ ಯಾಂಕೀಸ್ ಪರ ಆಡಿದ 1985: 80 ಬೇಸ್ ಕದ್ದು, ಸಿಕ್ಕಿಬಿದ್ದದ್ದು ಹತ್ತೇ ಸಲ. 143 ಪಂದ್ಯಗಳಲ್ಲಿ 146 ರನ್!

ಇನ್ನೊಂದು ಮಾತು ಜನ ಮರೆಯುತ್ತಾರೆ. ಕದಿಯಬೇಕಾದರೆ ಮೊದಲು ಬೇಸಿನಲ್ಲಿ ಇರಬೇಕಲ್ಲ! ಹೆಂಡರ್ಸನ್ ಬ್ಯಾಟ್ ಹಿಡಿದು ಕುಗ್ಗಿ ನಿಲ್ಲುತ್ತಿದ್ದರು. ಎದೆಯಿಂದ ಮಂಡಿಯವರೆಗಿನ ಅಳತೆ ಕುಗ್ಗಿದಷ್ಟೂ ಪಿಚರ್‌ಗೆ ಗುರಿ ಕಿರಿದು. ನಾಲ್ಕು ಚೆಂಡು ಗುರಿ ತಪ್ಪಿದರೆ ಮೊದಲ ಬೇಸ್ ಪುಕ್ಕಟೆ. ಹೀಗೆ ಅವರಿಗೆ ಸಿಕ್ಕದ್ದು 2190 ವಾಕ್. ಸುಮ್ಮನೆ ನಡುವೆ ಎಸೆದುಬಿಡೋಣ ಎಂದರೆ, 297 ಹೋಮ್ ರನ್ ಹೊಡೆದ ಆಸಾಮಿ. 1998ರಲ್ಲಿ, 39ರ ವಯಸ್ಸಿನಲ್ಲಿ, 118 ವಾಕ್ ಪಡೆದು 66 ಬೇಸ್ ಕದ್ದು ಮೇಜರ್ ಲೀಗಿನ ಎರಡು ವಿಭಾಗಗಳಲ್ಲೊಂದಾದ ಅಮೆರಿಕನ್ ಲೀಗಿಗೇ ಮೊದಲಿಗರಾದರು. ಒಟ್ಟು 2295 ರನ್ನುಗಳ ದಾಖಲೆಯೂ ಅವರದೇ.

2009ರಲ್ಲಿ ಹಾಲ್ ಆಫ್ ಫೇಮ್ ಗೌರವ ಪಡೆದ ಅವರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಕಾಲದಲ್ಲಿ ಪಿಚರ್ ಎಷ್ಟು ಸಲ ಬೇಕಾದರೂ ಮೊದಲ ಬೇಸಿಗೆ ಎಸೆದು ಓಟಗಾರನನ್ನು ಹೆದರಿಸಬಹುದಿತ್ತು. 2023ರಿಂದ ಅದಕ್ಕೆ ಮಿತಿ ಬಂದಿದೆ, ಬೇಸಿನ ಅಗಲವೂ 15 ಅಂಗುಲದಿಂದ 18ಕ್ಕೆ ಏರಿದೆ. ಅಷ್ಟಾದರೂ, 1987ರಲ್ಲಿ ವಿನ್ಸ್ ಕೋಲ್ಮನ್ 109 ಕದ್ದ ಮೇಲೆ ಮೇಜರ್ ಲೀಗಿನಲ್ಲಿ ಯಾರೂ ಒಂದು ಋತುವಿನಲ್ಲಿ ನೂರು ಮುಟ್ಟಿಲ್ಲ.